ನರಿಬೇಟೆಯ ಸಾಮಾನು

ಸಂತೆಗೆ ಹೋದರೆ ನಾಲ್ಕು ಬದನೆಕಾಯಿ ಆರಿಸಲು ನನಗೆ ಅರ್ಧ ತಾಸು ಬೇಕು. ತೊಟ್ಟು ನೋಡುತ್ತೇನೆ, ಒತ್ತಿ ನೋಡುತ್ತೇನೆ, ಬಿಸಿಲಿಗೆ ಹಿಡಿದು ತಿರುಗಿಸಿ ನೋಡುತ್ತೇನೆ. ಮಾರುವವಳು ಮೊದಲು ಸೈರಿಸುತ್ತಾಳೆ. ಆಮೇಲೆ, "ಬದನಿಕಾಯಿ ಒಯ್ಯಾಕ ಬಂದೀರೋ, ಕನ್ಯಾ ನೋಡಾಕ ಬಂದೀರೋ?" ಎಂದು ಕೇಳಿಯೇಬಿಡುತ್ತಾಳೆ. ಇಷ್ಟಾಗಿ ಮನೆಗೆ ತಂದು ಹೆಚ್ಚಿದರೆ ನಾಲ್ಕರಲ್ಲಿ ಎರಡು ಹುಳುಕು. ಇದರಿಂದ ನಾನೇನೂ ಬುದ್ಧಿ ಕಲಿತಿಲ್ಲ. ಕೊಂಡ ವಸ್ತು ಹೇಗಾದರೂ ಇರಲಿ, ಕೊಳ್ಳುವ ಮೊದಲು ಇದೋ ಅದೋ ಎಂದು ತೂಗಿ ನೋಡುವಾಗಿನ ಸುಖ ಬೇರೆ ಯಾವುದರಲ್ಲೂ ನನಗೆ ಸಿಕ್ಕಿಲ್ಲ.

ಈ ಚಟ ನನಗೆ ಅಂಟಿಕೊಂಡದ್ದು ನರಿಗಳಿಂದ. ಇಪ್ಪತ್ತನೆಯ ಶತಮಾನ ಹುಟ್ಟಿ ಇನ್ನೂ ಹಲ್ಲು ಮೂಡಿರಲಿಲ್ಲ, ಅಂಥ ಕಾಲದ ಮಾತು. ಮನೋಳಿಯಿಂದ ಎರಡು ಹರದಾರಿ ದೂರ ನಮ್ಮೂರು, ಮಲಪ್ರಭೆಗೆ ಹತ್ತಿದ ಎರೆ ನೆಲ. ನಾನು ಧಾರವಾಡದಲ್ಲಿ ಮ್ಯಾಟ್ರಿಕ್ ಪರೀಕ್ಷೆಗೆ ಎರಡು ಸಲ ಕೂತು, ಎರಡೂ ಸಲ ಸುಖವಾಗಿ ಎದ್ದು ಊರಿಗೆ ಬಂದಿದ್ದೆ. ಇಂಗ್ಲಿಷು ಓದಬಲ್ಲವನೆಂಬ ಹೆಸರಿತ್ತು, ಕೆಲಸವಿರಲಿಲ್ಲ.

ಮನೆಯಲ್ಲಿ ಚನ್ನವ್ವ ಅತ್ತಿ ಇದ್ದಳು, ನಮ್ಮಪ್ಪನ ತಂಗಿ. ಕಿತ್ತೂರಿಗೆ ಕೊಟ್ಟಿದ್ದರು. ಮಕ್ಕಳಾಗುವ ಮೊದಲೇ ಗಂಡ ತೀರಿಕೊಂಡು ತವರಿಗೆ ಬಂದವಳು, ಹದಿನೆಂಟು ವರ್ಷ ನಮ್ಮ ಒಲೆಯ ಮುಂದೆ ಕಳೆದಿದ್ದಳು. ಆ ವರ್ಷ ಅವಳಿಗೆ ಏನು ಹೊಳೆಯಿತೋ, ಅಪ್ಪನ ಮುಂದೆ ನಿಂತು, ಹಳ್ಳದ ದಂಡೆಯ ಹೊಲ ತನಗೆ ಕೊಡು, ತಾನೇ ಮಾಡಿಸುತ್ತೇನೆ ಎಂದಳು. ಅಪ್ಪ ನಕ್ಕರು. ಅವಳು ನಗಲಿಲ್ಲ, ಕದಲಲೂ ಇಲ್ಲ. ಆಗ ಅಪ್ಪ, "ಒಂದ ವರ್ಷ ನೋಡೂಣು. ಬೆಳಿ ಬಂತಂದ್ರ ಹೊಲ ನಿನ್ನ ಕಡೀನ ಇರಲಿ. ಬರಲಿಲ್ಲಂದ್ರ ಮತ್ತ ಈ ಮಾತ ತಗೀಬ್ಯಾಡ" ಎಂದರು. ಅತ್ತಿ ಶೇಂಗಾ ಹಾಕಿಸಿದಳು. ನಮ್ಮ ಕಡೆ ಆಗ ಅದು ಹೊಸ ಬೆಳೆ. ಬಳ್ಳಿ ಹಬ್ಬಿ ನೆಲ ಕಾಣದಂತಾಯಿತು. ಕಾಯಿ ಬಲಿಯುವ ಹೊತ್ತಿಗೆ ಸರಿಯಾಗಿ ನರಿಗಳು ಬಂದವು.

ನರಿ ಶೇಂಗಾ ತಿನ್ನುವುದನ್ನು ನೀವು ನೋಡಿಲ್ಲದಿದ್ದರೆ ಹೇಳುತ್ತೇನೆ. ಮುಂಗಾಲಿನಿಂದ ಗಿಡದ ಬುಡ ಕೆದರುತ್ತದೆ, ಕಾಯಿ ಕಡಿದು ಕಾಳಷ್ಟೇ ನುಂಗುತ್ತದೆ, ಸಿಪ್ಪೆಯನ್ನು ಅಲ್ಲೇ ಬಿಡುತ್ತದೆ. ಮದುವೆಮನೆಯ ಪಂಕ್ತಿಯಲ್ಲಿ ಉಂಡವರೂ ಅಷ್ಟು ಅಚ್ಚುಕಟ್ಟಾಗಿ ಏಳುವುದಿಲ್ಲ. ಮೊದಲ ದಿನ ಹೊಲದ ಒಂದು ಮೂಲೆ ಹೋಗಿತ್ತು. ಅತ್ತಿ ನನ್ನನ್ನು ಕರೆದು ತೋರಿಸಿದಳು. ನಾನು ಎದೆ ಉಬ್ಬಿಸಿ, "ಎಂಟ ದಿನದಾಗ ಒಂದ ನರಿ ಉಳೀದಂಗ ಮಾಡತೇನಿ, ನೀ ಚಿಂತಿ ಬಿಡು" ಎಂದೆ. "ಲಗೂನ ಮಾಡಪಾ ತಮ್ಮಾ" ಎಂದಳು ಅತ್ತಿ.

ಮನೆಯಲ್ಲಿ ಕಾಕಾನ ಕಾಲದ ಬಂದೂಕೊಂದಿತ್ತು, ಅದಕ್ಕೆ ಕಚೇರಿಯ ಪರವಾನಗಿಯೂ ಇತ್ತು. ನಳಿಗೆಯ ಬಾಯಿಂದ ಮದ್ದು ಸುರಿದು, ಚಿಂದಿ ತುರುಕಿ, ಕಬ್ಬಿಣದ ಕಡ್ಡಿಯಿಂದ ಜಡಿದು, ಛರ್ರೆಯೆಂಬ ಸೀಸದ ಸಣ್ಣ ಗುಂಡು ಹಾಕಿ, ಕೊನೆಗೆ ಕೇಪು ಕೂರಿಸಿ ಹೊಡೆಯುವ ಜಾತಿಯದು. ಅಷ್ಟರೊಳಗೆ ನರಿ ಊಟ ಮುಗಿಸಿ, ನಿದ್ದೆಯನ್ನೂ ಮುಗಿಸೀತು ಎಂಬುದು ನನ್ನ ವಾದ. ಬೆಳಗಾವಿಯ ದಂಡಿನ ಪೇಟೆಯಲ್ಲಿ ಕಾರಕೂನನಾಗಿದ್ದ ನನ್ನ ಗೆಳೆಯನೊಬ್ಬ ಮುಂಬಯಿಯ ಅಂಗಡಿಯೊಂದರ ಬಂದೂಕಿನ ಯಾದಿ ಕಳಿಸಿಕೊಟ್ಟಿದ್ದ. ದಪ್ಪ ಪುಸ್ತಕ, ಪುಟಪುಟಕ್ಕೂ ಚಿತ್ರ. ಪರೀಕ್ಷೆಯ ಪುಸ್ತಕವನ್ನು ನಾನು ಅಷ್ಟು ಭಕ್ತಿಯಿಂದ ಓದಿದ್ದರೆ ಈ ಹೊತ್ತಿಗೆ ಮಾಮಲೇದಾರನಾಗಿರುತ್ತಿದ್ದೆ. ಒಂದು ನಳಿಗೆಯದೋ, ಜೋಡು ನಳಿಗೆಯದೋ. ಛರ್ರೆ ಹಾರಿಸುವುದೋ, ಒಂದೇ ಗುಂಡಿನ ರೈಫಲ್ಲೋ. ಮುಂಜಾನೆ ಒಂದು ನಿಶ್ಚಯ, ಸಂಜೆಗೆ ಇನ್ನೊಂದು. ಕೊನೆಗೆ ಸಾವಿರ ಗಜ ದೂರ ಗುರಿ ಮುಟ್ಟುವ ರೈಫಲ್ಲಿಗೆ ಮನಸೋತೆ.

ಸಲಹೆ ಕೇಳಲು ಭರಮಪ್ಪನನ್ನು ಕರೆಸಿದೆ. ಊರಿನ ಬೇಟೆಗಾರ ಆತ. ಮೊಲ, ಗೌಜುಗ ಯಾವ ಪೊದೆಯಲ್ಲಿದೆ ಎಂದು ಗಾಳಿಯಿಂದಲೇ ಹೇಳುವವನು. ಚಿತ್ರವನ್ನು ಬಹಳ ಹೊತ್ತು ನೋಡಿ, "ಸಾವಿರ ಗಜ ಅಂದ್ರ ಎಲ್ಲಿತನಾರೀ?" ಎಂದ. ಹಳ್ಳದಾಚೆಯ ಬನ್ನಿಗಿಡ ತೋರಿಸಿದೆ. "ಅಲ್ಲಿರೂ ನರಿ ನಿಮ್ಮ ಶೇಂಗಾ ಹೆಂಗ ತಿಂದೀತ್ರಿ, ಸಣ್ಣಗೌಡ್ರ? ತಿನ್ನೂ ನರಿ ಹತ್ತ ಹೆಜ್ಜೀಮ್ಯಾಲ ಇರತೈತಿ. ಕಾಕಾರ ಬಂದೂಕ ಸಾಕ್ರಿ" ಎಂದ. ಅವನಿಗೆ ಶಾಸ್ತ್ರಜ್ಞಾನ ಸಾಲದೆಂದು ತಿಳಿದು ಮುಂಬಯಿಗೆ ಪತ್ರ ಹಾಕಿದೆ. ಅವರು ನನ್ನ ತೋಳಿನ, ಕತ್ತಿನ ಅಳತೆ ಕೇಳಿ ಬರೆದರು. ಬಂದೂಕಿನ ಹಿಡಿ ಮೈಗೆ ಸರಿಹೋಗಬೇಕಂತೆ. ಸಿಂಪಿಗೇರ ಮಲ್ಲಪ್ಪನನ್ನು ಕರೆಸಿ ಅಳತೆ ತೆಗೆಸಿದರೆ, ಅವನು ಅಂಗಿಗೆಂದೇ ತಿಳಿದು ಎದೆ, ಸೊಂಟವನ್ನೂ ಬರೆದುಕೊಟ್ಟ. ನಾನು ಅದನ್ನೂ ಕಳಿಸಿದೆ. ಅಲ್ಲಿಂದ ಉತ್ತರ ಬರಲಿಲ್ಲ.

ಎಂಟು ದಿನ ಎಂದೋ ಆಗಿಹೋಗಿತ್ತು. ಅತ್ತಿ ಬೈಯಲಿಲ್ಲ. ದಿನಾ ಮುಂಜಾನೆ ಹೊಲಕ್ಕೆ ಹೋಗಿ, ನರಿ ಬಿಟ್ಟ ಸಿಪ್ಪೆಯನ್ನೆಲ್ಲ ಆಯ್ದು ಉಡಿ ತುಂಬ ತಂದು, ನಾನು ಯಾದಿ ಓದುತ್ತ ಕೂತ ಕಟ್ಟೆಯ ಮೇಲೆ ಸುರಿದು ಒಳಗೆ ಹೋಗುತ್ತಿದ್ದಳು.

ಬಂದೂಕು ತಡವಾದರೆ ನಾಯಿಯಾದರೂ ಬೇಕಲ್ಲ. ನಾಯಿಗಾಗಿ ಭರಮಪ್ಪನನ್ನು ಕರೆದುಕೊಂಡು ಬಂಡಿ ಕಟ್ಟಿಸಿ ರಾಮದುರ್ಗಕ್ಕೆ ಹೋದೆ. ಮುಧೋಳದ ತಳಿಯ ಬೇಟೆನಾಯಿ ಸಾಕುವವರು ಅಲ್ಲಿದ್ದರು. ಎದೆ ಇಳಿದಿರಬೇಕು, ನಡು ಹಿಡಿಯಷ್ಟಿರಬೇಕು, ಪಕ್ಕೆಲುಬು ಎಣಿಸಲು ಬರಬೇಕು, ನಿಂತರೆ ಈಗಲೋ ಆಗಲೋ ಓಡಿಹೋಗುವಂತೆ ಕಾಣಬೇಕು. ಮೂರು ದಿನ ಆರಿಸಿದೆ. ಮನೆಯವನ ರೊಟ್ಟಿಯೂ ತೀರಿತು, ತಾಳ್ಮೆಯೂ ತೀರಿತು. ಕೊನೆಗೆ ಬೂದು ಬಣ್ಣದ ಹೆಣ್ಣು ನಾಯಿಯೊಂದು ತಾನೇ ಬಂದು ನನ್ನ ಕಾಲ ಮೇಲೆ ಗದ್ದ ಊರಿ ಮಲಗಿತು. ನಾನು ಆರಿಸಿದೆನೆಂದು ಎಲ್ಲರಿಗೂ ಹೇಳಿದೆ. ನಿಜಕ್ಕೂ ಆರಿಸಿದವಳು ಅವಳು. ಹೀರಾ ಎಂದು ಹೆಸರಿಟ್ಟೆ.

ಹೀರಾಳನ್ನು ಕಂಡು ಅಪ್ಪ, "ಅಲ್ಲೋ, ರಾಮದುರ್ಗದಾಗ ಇದಕ್ಕ ಯಾರೂ ಕೂಳ ಹಾಕಿಲ್ಲೇನು?" ಎಂದರು. ತೆಳ್ಳಗಿರುವುದೇ ಅದರ ಹೆಚ್ಚುಗಾರಿಕೆ ಎಂದು ವಿವರಿಸಿದೆ. ಅಪ್ಪ ನನ್ನ ವಿದ್ಯೆಗೆ ಎಷ್ಟು ಖರ್ಚಾಗಿತ್ತೆಂದು ನೆನೆಸಿಕೊಂಡವರಂತೆ ನನ್ನನ್ನೊಮ್ಮೆ ನೋಡಿ ಒಳಗೆ ಹೋದರು. ನಮ್ಮದು ಲಿಂಗ ಕಟ್ಟಿದ ಮನೆ, ಮಾಂಸ ಹೊಸ್ತಿಲು ದಾಟುವಂತಿಲ್ಲ. ಹೀಗಾಗಿ ಆ ಬೇಟೆನಾಯಿ ಜೋಳದ ರೊಟ್ಟಿ ಮಜ್ಜಿಗೆ ತಿಂದು ಬೆಳೆಯಬೇಕಾಯಿತು. ಅತ್ತಿ ಸಂಜೆ ಹೊತ್ತು ರೊಟ್ಟಿಗೆ ಬೆಣ್ಣೆ ಸವರಿ ಹಾಕುತ್ತಿದ್ದಳು. ನನ್ನ ಕಾಲ ಮೇಲೆ ಮಲಗಿದ ನಾಯಿ ಎರಡೇ ದಿನದಲ್ಲಿ ಅವಳ ಸೆರಗು ಹಿಡಿಯಿತು.

ಇನ್ನು ಉಳಿದದ್ದು ಉಡುಪು. ಯಾದಿಯ ಚಿತ್ರದಲ್ಲಿದ್ದ ಬೇಟೆಗಾರನಿಗೆ ಮೊಣಕಾಲಿನವರೆಗೆ ಬೂಟು, ತಲೆಗೆ ಬೆಂಡಿನ ಟೋಪಿ, ಹೆಗಲಿಗೆ ಏಳು ಕಿಸೆಯ ಚೀಲ, ಕತ್ತಿನಲ್ಲಿ ಸೀಟಿ. ಬೈಲಹೊಂಗಲದಲ್ಲಿ ಬೂಟು ಹೊಲಿಸಿದೆ. ಹೆಜ್ಜೆ ಹೆಜ್ಜೆಗೂ ಅದು ಗಾಣದಂತೆ ಕಿರುಗುಟ್ಟುತ್ತಿತ್ತು. ಸೀಟಿ ಊದಿದರೆ ಹೀರಾ ಒಬ್ಬಳನ್ನು ಬಿಟ್ಟು ಓಣಿಯ ನಾಯಿಗಳೆಲ್ಲ ಬರುತ್ತಿದ್ದವು. ಏಳು ಕಿಸೆಯಲ್ಲಿ ಏನೇನು ಇಡಬೇಕೆಂದು ಯಾದಿಯಲ್ಲಿ ಬರೆದಿರಲಿಲ್ಲ. ಒಂದರಲ್ಲಿ ರೊಟ್ಟಿ, ಒಂದರಲ್ಲಿ ಗುರೆಳ್ಳ ಚಟ್ನಿ, ಒಂದರಲ್ಲಿ ಉಳ್ಳಾಗಡ್ಡಿ ಇಟ್ಟೆ.

ಇಲ್ಲಿ ಒಂದು ಮಾತು. ಇಂಗ್ಲಿಷರ ದೇಶದಲ್ಲಿ ನರಿಯನ್ನು ಬಂದೂಕಿನಿಂದ ಹೊಡೆಯುವುದು ಮಹಾ ಹೀನ ಕೆಲಸವಂತೆ, ನನ್ನ ಕಾರಕೂನ ಗೆಳೆಯ ಹೇಳಿದ್ದು. ಕೆಂಪಂಗಿ ತೊಟ್ಟು, ಕುದುರೆ ಏರಿ, ಒಂದು ಹಿಂಡು ನಾಯಿ ಬಿಟ್ಟು ಓಡಿಸಬೇಕಂತೆ. ಹೊಡೆದವನನ್ನು ಊಟಕ್ಕೂ ಕರೆಯರಂತೆ. ನಾನು ಕೇಳಿ ನಕ್ಕಿದ್ದೆ. ಒಂದು ಪುಟ್ಟ ಪ್ರಾಣಿಗೆ ಇಷ್ಟು ಮಡಿಯೇ ಎಂದು. ನಮ್ಮಲ್ಲೂ ಒಂದು ಮಡಿ ಇದೆ ಎಂಬುದು ಆಗ ನೆನಪಾಗಲಿಲ್ಲ.

ಅಂತೂ ಮೂರು ವಾರದ ಮೇಲೆ ಒಂದು ನಸುಕಿನಲ್ಲಿ ದಂಡಯಾತ್ರೆ ಹೊರಟಿತು. ಕಾಕಾನ ಬಂದೂಕು ಹಿಡಿದು ನಾನು, ಹೀರಾಳ ಹಗ್ಗ ಹಿಡಿದು ಭರಮಪ್ಪ, ಪೊದೆ ಬಡಿಯಲು ನಾಲ್ಕು ಜನ. ಬೇಡವೆಂದರೂ ಅತ್ತಿ ಹಿಂದೆ ಬಂದಳು. ಅರ್ಧ ಹೊಲ ಆಗಲೇ ಹೋಗಿತ್ತು. ಬೂಟು ಕಿರುಗುಟ್ಟದಿರಲೆಂದು ಬಿಚ್ಚಿಟ್ಟು ಬರಿಗಾಲಲ್ಲಿ ಬದುವಿನ ಮರೆಗೆ ಕೂತೆ. ಜನ ಜಾಲಿಯ ಪೊದೆ ಬಡಿದರು. ಹೊತ್ತು ಮೂಡುತ್ತಿತ್ತು. ಎದುರಿನ ಬದುವಿನ ಮೇಲೆ, ಹದಿನೈದು ಹೆಜ್ಜೆಯಲ್ಲಿ, ನರಿಯೊಂದು ಬಂದು ನಿಂತು ನಮ್ಮ ಕಡೆ ಮುಖ ತಿರುಗಿಸಿತು.

ಮುಂಜಾನೆ ಎದ್ದು ನರಿಯ ಮುಖ ನೋಡಿದವರ ಭಾಗ್ಯ ತೆರೆಯಿತೆಂದು ನಮ್ಮ ಕಡೆಯ ನಂಬಿಕೆ. ಯಾರಿಗಾದರೂ ಒಳ್ಳೆಯದಾದರೆ, "ಇವತ್ತ ನರಿ ಮಾರಿ ನೋಡಿ ಎದ್ದಾನ" ಎನ್ನುತ್ತೇವೆ. ದಾರಿಯಲ್ಲಿ ಕಂಡರೆ ಬಂಡಿ ನಿಲ್ಲಿಸಿ ಕೈಮುಗಿಯುವುದು ರೂಢಿ. ನನ್ನನ್ನು ಎತ್ತಿಕೊಂಡು ಓಡಾಡುತ್ತಿದ್ದಾಗಲೇ ಅವ್ವ ನನ್ನ ಎರಡು ಕೈ ಕೂಡಿಸಿ ಅದನ್ನು ಕಲಿಸಿದ್ದಳು.

ಪೊದೆ ಬಡಿಯುವವರು ಕೋಲು ಕಂಕುಳಲ್ಲಿ ಇರುಕಿಕೊಂಡು ಕೈಮುಗಿದರು. ಭರಮಪ್ಪ ನಾಯಿಯ ಹಗ್ಗ ಬಿಟ್ಟು ಕೈಮುಗಿದ. ಅತ್ತಿ ಸೆರಗು ಮುಂದೆಳೆದುಕೊಂಡು ಕೈಮುಗಿದಳು. ನಾನು, ಬಂದೂಕನ್ನು ಮೆಲ್ಲಗೆ ನೆಲಕ್ಕಿಟ್ಟು, ಎರಡೂ ಕೈ ಎತ್ತಿ ಕಣ್ಣಿಗೊತ್ತಿಕೊಂಡೆ. ಹೀರಾ ನಮ್ಮನ್ನೆಲ್ಲ ಒಮ್ಮೆ ನೋಡಿದಳು. ಯಜಮಾನರೇ ಹೀಗೆ ನಿಂತ ಮೇಲೆ ಬಂದವರು ದೊಡ್ಡವರೇ ಇರಬೇಕೆಂದು ಬಾಲ ಮಡಚಿ ಕೂತಳು. ನರಿ ನಮ್ಮ ನಮಸ್ಕಾರವನ್ನು ಪೂರ್ತಿ ಸ್ವೀಕರಿಸಿ, ಆತುರವಿಲ್ಲದೆ ಹಳ್ಳಕ್ಕೆ ಇಳಿದುಹೋಯಿತು.

"ಕೈ ತಾನ ಹೋತ್ರಿ" ಎಂದ ಭರಮಪ್ಪ.

ಅತ್ತಿ ನಗತೊಡಗಿದಳು. ಬದುವಿನ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾವೂ ನಕ್ಕೆವು. ನಮ್ಮ ನಗು ನಿಂತ ಮೇಲೂ ಅವಳ ಭುಜ ಕುಲುಕುತ್ತಿತ್ತು. ಆಗ ಅವಳು ಅಳುತ್ತಿದ್ದಾಳೆಂದು ತಿಳಿಯಿತು. "ಇನ್ನ ಎಂಟ ದಿನ ಹೋದ್ರ ನಾ ಕೀಳಾಕ ಏನೂ ಉಳಿಯೂದಿಲ್ಲೋ ತಮ್ಮಾ. ಮತ್ತ ಅದ ಒಲಿ, ಅದ ಊದಗೊಳವಿ" ಎಂದಳು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಬಂದೂಕು, ನಾಯಿ, ಟೋಪಿ, ಸೀಟಿ ಎಂದು ಊರೂರು ತಿರುಗಿದೆ. ನಿನಗೇನು ಬೇಕು ಎಂದು ಹೊಲದವಳನ್ನು ಒಂದು ದಿನ ಕೇಳಿರಲಿಲ್ಲ.

"ನಾ ಏನ ಮಾಡಲಿ, ಅತ್ತಿ?" ಎಂದೆ.

ಅವಳು ಕಣ್ಣೊರೆಸಿಕೊಂಡಳು. "ನಾಯಿ ನನಗ ಕೊಡು. ಬಂದೂಕ ಮನ್ಯಾಗ ಇಟ್ಟ ಬಾ."

ಆ ಸಂಜೆಯೇ ಹೊಲದಲ್ಲಿ ಒಂದು ಗುಡಿಸಲು ಎದ್ದಿತು. ಹೆಣ್ಣುಮಗಳು ಹೊಲದಲ್ಲಿ ಮಲಗುವುದೇ ಎಂದು ಅವ್ವ ಗೊಣಗಿದಳು. ಭರಮಪ್ಪನ ಹೆಂಡತಿ ನಾಗವ್ವ ಚಾಪೆ ಸುತ್ತಿಕೊಂಡು ಅತ್ತಿಯ ಜೊತೆ ಹೊರಟಳು. ಹೀರಾ ಒಂದು ನರಿಯನ್ನೂ ಕೊಲ್ಲಲಿಲ್ಲ. ಹಗ್ಗ ಬಿಚ್ಚಿದರೆ ಹೊಲದ ಸುತ್ತ ಗಾಳಿಯಂತೆ ಓಡುವಳು, ದಣಿದರೆ ಬಂದು ಬೆಣ್ಣೆರೊಟ್ಟಿ ತಿನ್ನುವಳು, ಮತ್ತೆ ಓಡುವಳು. ನಾಲ್ಕು ದಿನಕ್ಕೆ ನರಿಗಳು ಆ ಕಡೆ ಬರುವುದನ್ನೇ ಬಿಟ್ಟವು. ಉಳಿದ ಅರ್ಧ ಹೊಲದ ಶೇಂಗಾ ಕಿತ್ತಾಗ ಬಂಡಿ ಗೂಟದ ಮಟ್ಟಕ್ಕೆ ತುಂಬಿತು.

ಅಪ್ಪ ಹೊಲಕ್ಕೆ ಬಂದು ರಾಶಿಯ ಮುಂದೆ ಕೂತರು. ಒಂದು ಕಾಯಿ ಒಡೆದು ಕಾಳು ಅಂಗೈಯಲ್ಲಿ ಹೊರಳಿಸಿದರು. ಅತ್ತಿ ದೂರ ನನ್ನ ಪಕ್ಕ ನಿಂತಿದ್ದಳು, ಅವಳ ಉಸಿರು ನನಗೆ ಕೇಳುತ್ತಿತ್ತು. ಅರ್ಧ ಬೆಳೆಯನ್ನು ಬೆಳೆ ಎನ್ನುತ್ತಾರೋ ಇಲ್ಲವೋ ಎಂದು ನನಗೂ ಹೆದರಿಕೆ. ಅಪ್ಪ ಕಾಳು ಬಾಯಿಗೆ ಹಾಕಿಕೊಂಡು ಅಗಿದು, "ಬರೂ ಮುಂಗಾರಿಗೆ ಏನ ಬಿತ್ತತೀ, ಚನ್ನವ್ವಾ?" ಎಂದರು.

ಅತ್ತಿ ಹಿಂದೆ ತಿರುಗಿ ನೋಡಿದಳು, ಬೇರೆ ಯಾರನ್ನೋ ಕೇಳಿದರೇನೋ ಎಂಬಂತೆ. ಆಮೇಲೆ ಮೆಲ್ಲಗೆ, "ವಿಚಾರ ಮಾಡಿ ಹೇಳತೇನಣ್ಣಾ" ಎಂದಳು.

ಆ ವಿಚಾರ ಬೇಸಗೆಯಿಡೀ ನಡೆಯಿತು. ಸವದತ್ತಿಗೆ ಹೋಗುವವರಿಗೆ ಹೇಳಿ ಹತ್ತಿಯ ಬೀಜ ತರಿಸಿದಳು, ಬೈಲಹೊಂಗಲಕ್ಕೆ ನನ್ನನ್ನು ಓಡಿಸಿ ಎರಡು ತರದ ಶೇಂಗಾ ತರಿಸಿದಳು. ಮೆಣಸಿನಕಾಯಿ, ಉಳ್ಳಾಗಡ್ಡಿ, ಹೆಸರು ಎಲ್ಲ ಬಂತು. ಮೊರದಲ್ಲಿ ಅವನ್ನು ಬೇರೆ ಬೇರೆ ಗುಡ್ಡೆ ಹಾಕಿ, ಬೆರಳಿನಿಂದ ಆಡಿಸುತ್ತ ಕೂರುವಳು. ಮುಂಜಾನೆ ಹತ್ತಿ ಎನ್ನುವಳು, ಮಧ್ಯಾಹ್ನ ಮೆಣಸಿನಕಾಯಿ ಎನ್ನುವಳು, ಸಂಜೆಗೆ ಎರಡೂ ಬೇಡ. ಮನೆಯವರೆಲ್ಲ ನಕ್ಕರು. "ಒಂದ ಬೀಜಾ ಆರಸಾಕ ಎಷ್ಟ ದಿನಾ ಬೇಕವ್ವಾ ನಿನಗ?" ಎಂದಳು ಅವ್ವ. ನಾನೊಬ್ಬ ನಗಲಿಲ್ಲ. ಅದರ ರುಚಿ ನನಗೆ ಗೊತ್ತಿತ್ತು, ಮತ್ತು ನನಗೆ ಇಪ್ಪತ್ತಕ್ಕೇ ಸಿಕ್ಕದ್ದು ಅವಳಿಗೆ ಸಿಗಲು ನಲವತ್ತಾಗಬೇಕಾಯಿತು.

ರೋಹಿಣಿ ಮಳೆ ಬಿತ್ತು. ಊರೆಲ್ಲ ಬಿತ್ತಲು ಹೊರಟಿತು. ಅತ್ತಿ ಇನ್ನೂ ಮೊರ ಮುಂದಿಟ್ಟುಕೊಂಡು ಕೂತೇ ಇದ್ದಳು. ಹಳ್ಳದ ದಂಡೆಯ ಹೊಲದಲ್ಲಿ ಅಪ್ಪ ಕೂರಿಗೆ ಹೂಡಿದ ಎತ್ತುಗಳ ಹಗ್ಗ ಹಿಡಿದು, ತಂಗಿ ಯಾವ ಬೀಜ ತರುತ್ತಾಳೋ ಎಂದು ದಾರಿ ನೋಡುತ್ತ ನಿಂತಿದ್ದರು.