ಸ್ಯಾಕ್ಸೋಫೋನ್ ಭಾವನ ಕಿವಿಯ ಕೆಳಗಿನ ಗಡ್ಡೆ

“ಒಮ್ಮೆ ಶಿಳ್ಳೆ ಹಾಕಿ” ಅಂದರು ಡಾಕ್ಟರ್.

ಆಸ್ಪತ್ರೆಯಲ್ಲಿ ಶಿಳ್ಳೆಯೇ? ಭಾವ ನನ್ನ ಮುಖ ನೋಡಿದರು. ಆಮೇಲೆ ಹಾಕಿದರು. ಹುಬ್ಬು ಏರಿಸಿದರು, ಕಣ್ಣು ಬಿಗಿಯಾಗಿ ಮುಚ್ಚಿದರು. ಮುಖದ ನರ ಸರಿಯಿದೆಯೇ ಎಂದು ನೋಡುವ ಪರೀಕ್ಷೆಯಂತೆ.

ಭಾವ ಎಂದರೆ ನನ್ನ ಅಕ್ಕನ ಗಂಡ, ವೇಣೂರಿನ ವಾಮನ ಭಾವ. ಬಂಟ್ವಾಳದಿಂದ ಮೂಡುಬಿದಿರೆಯವರೆಗೆ ಮದುವೆಗಳಲ್ಲಿ ಸ್ಯಾಕ್ಸೋಫೋನ್ ನುಡಿಸುವವರು. ಎಡಗಿವಿಯ ಕೆಳಗೆ ಅಡಿಕೆಯಷ್ಟು ದೊಡ್ಡ ಗಡ್ಡೆ, ವರ್ಷಗಳಿಂದ. ನೋವಿಲ್ಲ. “ಊದಿ ಊದಿ ಗಾಳಿ ತುಂಬಿದ್ದು” ಎಂದು ಊರೇ ತೀರ್ಪು ಕೊಟ್ಟಿತ್ತು. (ಊರಿಗೆ ಗೊತ್ತಿಲ್ಲದ ರೋಗ ಯಾವುದುಂಟು?) ಈ ವರ್ಷ ಅದು ನಿಂಬೆಹಣ್ಣಿನಷ್ಟಾದಾಗ ಅಕ್ಕ ಹಠ ಹಿಡಿದಳು. ನಾನು ಕಾರು ತೆಗೆದೆ.

ಮಂಗಳೂರಿನಲ್ಲಿ ಸ್ಕ್ಯಾನಿಂಗ್ ಆಯಿತು. ತೆಳು ಸೂಜಿ ಚುಚ್ಚಿ ಗಡ್ಡೆಯ ಒಳಗಿಂದ ತುಸು ತೆಗೆದು ಲ್ಯಾಬಿಗೆ ಕಳಿಸಿದರು. ರಿಪೋರ್ಟ್ ಬಂತು. ಗಾಳಿಯಲ್ಲ, ಜೊಲ್ಲು ಗ್ರಂಥಿಯ ಗಡ್ಡೆ. ಕ್ಯಾನ್ಸರ್ ಅಲ್ಲ.

“ಹಾಗಾದ್ರೆ ಬಿಡುವ ಅಲ್ವಾ ಡಾಕ್ಟ್ರೇ?” ಭಾವ ಎದ್ದೇ ಬಿಟ್ಟಿದ್ದರು.

“ಬಿಟ್ರೆ ಬೆಳೀತಾ ಹೋಗ್ತದೆ. ಕೆಲವರಿಗೆ ವರ್ಷಗಳ ನಂತರ ಕ್ಯಾನ್ಸರಿಗೆ ತಿರುಗುವುದೂ ಉಂಟು. ಮಾತ್ರೆಯಲ್ಲಿ ಕರಗುವುದಿಲ್ಲ, ತೆಗೀಬೇಕು. ಆದ್ರೆ ಮುಖದ ನರ ಆ ಗ್ರಂಥಿಯ ನಡುವೆಯೇ ಹೋಗ್ತದೆ. ಜಾಗ್ರತೆ ಮಾಡ್ತೇವೆ. ಆದ್ರೂ ಕೆಲವು ತಿಂಗಳು ಬಾಯಿ ಓರೆಯಾಗಬಹುದು. ಶಾಶ್ವತವಾಗಿ ಹಾಗಾಗುವುದು ಅಪರೂಪ.”

ಅಪರೂಪ ಎಂದರೆ ಇಲ್ಲ ಎಂದಲ್ಲವಲ್ಲ? ವಾಪಸು ಬರುವಾಗ ಕಾರು ಮೂಡುಬಿದಿರೆ ದಾಟಿತು. ಭಾವ ಮೆಲ್ಲಗೆ, “ತುಟಿ ಹೋದ್ರೆ ನನ್ನ ಹತ್ರ ಮತ್ತೆ ಎಂತ ಉಂಟು?” ಎಂದರು.

ಹಿಂದಿನ ಸೀಟಿನಿಂದ ಅಕ್ಕ ಕೇಳಿದಳು: “ನೀವೇ ಹೋದ್ರೆ ಅದನ್ನು ನಾನು ಊದ್ಲಿಕ್ಕಾ?”

ಆಪರೇಷನ್ ಆಯಿತು. ಗಡ್ಡೆ ಪೂರ್ತಿ ಬಂತು. ಆದರೆ ತುಟಿಯ ಎಡಬದಿ ಸೋತಿತ್ತು. ಕಾಫಿ ಗಲ್ಲಕ್ಕೆ ಇಳಿಯುತ್ತಿತ್ತು. ಊದಿದರೆ ಬರೀ ಗಾಳಿ. “ನರ ತುಂಡಾಗಿಲ್ಲ, ಸ್ವಲ್ಪ ಸುಸ್ತಾಗಿದೆ ಅಷ್ಟೇ” ಎಂದರು ಡಾಕ್ಟರ್. ಭಾವ ನಂಬಲಿಲ್ಲ. ಆದರೂ ಕನ್ನಡಿಯೆದುರು ಮುಖದ ವ್ಯಾಯಾಮ ಬಿಡಲಿಲ್ಲ.

ಸುಮಾರು ಎರಡು ತಿಂಗಳಾಗಿರಬೇಕು. ಅಕ್ಕನ ಫೋನ್ ಬಂತು. “ಕೇಳು” ಎಂದಳು. ಹಿಂದೆ ಸ್ಯಾಕ್ಸೋಫೋನ್ ಕೇಳುತ್ತಿತ್ತು. ಒಂದು ಸ್ವರ ಜಾರಿತು, ಮುಂದಿನದು ನೆಟ್ಟಗೆ ನಿಂತಿತು.

ಕಳೆದ ವಾರ ಬೆಳ್ತಂಗಡಿಯಲ್ಲೊಂದು ಮದುವೆ. ಭಾವ ವೇದಿಕೆಯಲ್ಲಿ ನುಡಿಸುತ್ತಿದ್ದರು. ಊಟದ ಪಂಕ್ತಿಯಲ್ಲಿ ಪಕ್ಕದವರು ನನ್ನತ್ತ ಬಗ್ಗಿದರು. “ಕ್ಯಾನ್ಸರ್ ಅಲ್ವಂತಲ್ಲ ಮಾರಾಯ್ರೇ, ಮತ್ತೆ ಸುಮ್ಮನೆ ಯಾಕೆ ಕೊಯ್ಸಿದ್ದು?”

ಕ್ಯಾನ್ಸರ್ ಆಗುವವರೆಗೆ ಕಾಯಬೇಕಿತ್ತೇ?