ದಪ್ಪ ಪೈಪೂ ದುರುಗಕ್ಕನ ಗಾಳಿಯೂ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ. ಹಿರಿಯೂರಿನ ಹೊಸದುರ್ಗ ರಸ್ತೆಯಲ್ಲಿ ಒಂದು ತಗಡಿನ ಶೆಡ್ಡು. ಅದರ ಮುಂದೆ ದುರುಗಕ್ಕ ಸೆರಗನ್ನು ಸೊಂಟಕ್ಕೆ ಬಿಗಿದು, ಟ್ಯಾಕ್ಸಿಯೊಂದರ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಎಂಜಿನ್ ಗುರುಗುಡುತ್ತಿದೆ. ಹಳೆಯ ಬಿಳಿ ಪಂಚೆಯ ತುಂಡನ್ನು ಸೈಲೆನ್ಸರಿನ ಬಾಯಿಗೆ ಹಿಡಿದು, ಹತ್ತು ಎಣಿಸಿ ತೆಗೆಯುತ್ತಾರೆ. ಮಗುವಿನ ನಾಲಿಗೆ ನೋಡುವ ತಾಯಿಯಂತೆ ಅದನ್ನು ಬೆಳಕಿಗೆ ತಿರುಗಿಸುತ್ತಾರೆ. ಬಟ್ಟೆಯ ತುಂಬ ಕಾಡಿಗೆಯಂಥ ಕಪ್ಪು.

"ಪೆಟ್ರೋಲು ಅರ್ಧಂಬರ್ಧ ಸುಡ್ತೈತೆ ಕಣಪ್ಪ. ಏರ್ ಫಿಲ್ಟರ್ ಬಿಚ್ಚಿ ನೋಡು."

ಡ್ರೈವರ್ ಬಿಚ್ಚಿ ಕೊಡವಿದರೆ ಒಂದು ಹಿಡಿ ಕೆಂಪು ಧೂಳು. ದುರುಗಕ್ಕ ನಗುತ್ತಾರೆ. "ಇಷ್ಟು ಮಣ್ಣು ಇದ್ರೆ ಕೊತ್ತಂಬ್ರಿ ಬೆಳೀಬೋದಿತ್ತು!"

ಶೆಡ್ಡಿನೊಳಗಿನ ಕುರ್ಚಿಯಲ್ಲಿ ಗಂಡ ಚಿಕ್ಕತಿಮ್ಮಪ್ಪ ಇದ್ದಾರೆ. ಮೂವತ್ತು ವರ್ಷ ಸೈಲೆನ್ಸರ್ ಬೆಸೆದವರು. ಈಗ ಕಣ್ಣು ಮಂಜು. ಕಿವಿ ಮಾತ್ರ ಚುರುಕು. ಒಂಬತ್ತು ವರ್ಷದ ಹಿಂದೆ, ಮನೆ ನಡೆಯಬೇಕಲ್ಲ ಎಂದು, ಬೆಸುಗೆಯ ಕೆಲಸವನ್ನು ದುರುಗಕ್ಕ ಕೈಗೆತ್ತಿಕೊಂಡರು. "ಬಂದೋರು, ಮೆಕ್ಯಾನಿಕ್ ಎಲ್ಲವ್ನೆ ಅನ್ನೋರು. ನಾನೇ ಅಂದ್ರೆ, ಆಮ್ಯಾಲೆ ಬರ್ತೀವಿ ಅಂತ ಹೋಗೋರು. ಅವ್ರು ಇನ್ನೂ ಬರ್ತಾನೇ ಅವ್ರೆ," ಎಂದು ಅವರು ನಗುತ್ತಾರೆ. ತೂತು ಬಿದ್ದ ಸೈಲೆನ್ಸರುಗಳು ಈಗ ದಿನಕ್ಕೆ ನಾಲ್ಕೈದು ಬರುತ್ತವೆ. ಗಾಳಿಗೆ ಬರುವ ಟೈರುಗಳು ನಲವತ್ತಕ್ಕೆ ಕಡಿಮೆಯಿಲ್ಲ. ಯಾವ ಕೆಲಸಕ್ಕೇ ಬಂದ ಗಾಡಿಯಾದರೂ ಸರಿ, ಟೈರಿಗೆ ಗಾಳಿ ನೋಡದೆ ದುರುಗಕ್ಕ ಕಳಿಸುವುದಿಲ್ಲ. ತಲೆ ಬಾಚದೆ ಮಗುವನ್ನು ಶಾಲೆಗೆ ಕಳಿಸಲು ನಮ್ಮ ಕೈ ಬಾರದ ಹಾಗೆ.

ಹೋದ ಶ್ರಾವಣದಲ್ಲಿ ಆ ಅಭ್ಯಾಸವೇ ಅವರ ಮಾನ ಕಳೆಯುವುದರಲ್ಲಿತ್ತು.

ಚೇತನ್‌ಕುಮಾರ್ ದಿನವೂ ನಾಲ್ವರು ಟೀಚರುಗಳನ್ನು ಮತ್ತೋಡಿನ ಕಡೆಯ ಶಾಲೆಗಳಿಗೆ ಬಿಟ್ಟು ಬರುವ ಕಾರಿನವನು. ಬೈಪಾಸಿನ ಹೊಸ ಅಂಗಡಿಯೊಂದರಲ್ಲಿ ತೋಳು ದಪ್ಪದ, ಹೊಳೆಯುವ ಪೈಪು ಕೊಂಡು ತಂದ. ಇದನ್ನು ಹಾಕಿದರೆ ಹೊಗೆ ಸರಾಗವಾಗಿ ಹೋಗಿ ಮೈಲೇಜ್ ಏರುತ್ತದೆ ಎಂದು ಅಂಗಡಿಯವನು ಹೇಳಿದ್ದನಂತೆ. ಆ ಮಾತು ನಂಬಿ ದುರುಗಕ್ಕನ ಗಿರಾಕಿಗಳು ಒಬ್ಬೊಬ್ಬರೇ ಅತ್ತ ಹೊರಳುತ್ತಿದ್ದ ಕಾಲ ಅದು.

"ಒಲೆಯ ಹೊಗೆಗೂಡು ಕಟ್ಕೊಂಡ್ರೆ ಸೌದೆ ದಂಡ, ಒಪ್ತೀನಿ," ಎಂದರು ದುರುಗಕ್ಕ. "ಸರಿಯಾಗಿರೋ ಹೊಗೆಗೂಡನ್ನ ಬಾವಿಯಷ್ಟು ಅಗ್ಲ ಮಾಡಿದ್ರೆ ಸೌದೆ ಉಳೀತೈತೇನಪ್ಪ? ಓಡ್ಸಿ ನೋಡಾಣ. ಮೈಲೇಜ್ ಏರಿದ್ರೆ ಸೈಲೆನ್ಸರ್ ವಿಷ್ಯದಾಗೆ ಇನ್ನು ಬಾಯಿ ಬಿಡಲ್ಲ." ಅಲ್ಲಿದ್ದ ಐದಾರು ಡ್ರೈವರುಗಳೂ ಇದನ್ನು ಕೇಳಿಸಿಕೊಂಡರು.

ಅಕ್ಕನ ಕ್ರಮ ಸರಳ. ಟ್ಯಾಂಕನ್ನು ಕತ್ತಿನವರೆಗೆ ತುಂಬಿಸಿ ಹೊಸದುರ್ಗಕ್ಕೆ ಹೋಗಿ ಬರಬೇಕು, ಅದೇ ಬಂಕಿನಲ್ಲಿ ಮತ್ತೆ ತುಂಬಿಸಬೇಕು. "ಹೋಗ್ವಾಗ ಎದುರು ಗಾಳಿ ಬಡಿದ್ರೆ ಬರ್ವಾಗ ಬೆನ್ನಿಗೆ ತಳ್ತೈತೆ. ಅದ್ಕೇ ಹೋಗೀ ಬರ್ಬೇಕು." ಹಳೆಯ ಪೈಪಿನ ಸುತ್ತನ್ನು ಚೇತನ್ ಬಂಕಿನಿಂದಲೇ ಹೊರಟು ಮುಗಿಸಿದ. ಲೀಟರಿಗೆ ಹದಿನಾಲ್ಕೂವರೆ ಕಿಲೋಮೀಟರ್. ಮರುದಿನ ದುರುಗಕ್ಕ ದಪ್ಪ ಪೈಪು ಜೋಡಿಸಿ ಕಳಿಸಿದರು. ಸಂಜೆ ಕಾರು ಭೋರ್ಗರೆಯುತ್ತ ಬಂತು. ಹದಿನಾರು!

"ಏನಕ್ಕ, ಬಾಯಿಗೆ ಬೀಗ ಹಾಕ್ಕೊಂತೀಯಾ?" ಎಂದು ಡ್ರೈವರ್ ದುರುಗೇಶ್ ಕಾಲೆಳೆದ. ದುರುಗಕ್ಕ ಒಳಗೆ ಹೋದರು. ಒಂಬತ್ತು ವರ್ಷ ಕೂಡಿಸಿಕೊಂಡ ಹೆಸರು ಒಂದೇ ಸಂಜೆಗೆ ಕೈಜಾರುತ್ತಿತ್ತು. ಒಳಗೆ ನೋಡಿದರೆ, ಚಿಕ್ಕತಿಮ್ಮಪ್ಪ ಕುರ್ಚಿ ಬಿಟ್ಟು ಎರಡು ಮೂಟೆಗಳ ಮೇಲೆ ಹಾಯಾಗಿ ಕುಂತಿದ್ದಾರೆ.

"ಯಾರ ಮೂಟೆ ಅವು?"

"ಚೇತನ್‌ದು ಕಣೆ, ಎಮ್ಮೆ ಹಿಂಡಿ. ಜಾಕ್ ಕೊಡೋವಾಗ ನೀನೇ ಡಿಕ್ಕಿಯಿಂದ ಇಳಿಸ್ಲಿಲ್ವಾ? ಮೆತ್ತಗೆ ಚೆನ್ನಾಗವೆ."

ದುರುಗಕ್ಕ ಹಣೆ ಚಚ್ಚಿಕೊಂಡರು. ಮೂಟೆ ಇಳಿಸಿದ್ದು ಮಾತ್ರವೇ? ಇಪ್ಪತ್ತನಾಲ್ಕು ಪಾಯಿಂಟಿಗೆ ಇಳಿದಿದ್ದ ನಾಲ್ಕೂ ಟೈರಿಗೆ ತಾವೇ ಮೂವತ್ಮೂರರವರೆಗೆ ಗಾಳಿ ತುಂಬಿಸಿ ಕಳಿಸಿದ್ದರು! ಹೊರಗೆ ಓಡಿ ಬಂದು ಎಲ್ಲರೆದುರೇ ಹೇಳಿದರು: "ತಪ್ಪು ನಂದೇ. ದಪ್ಪ ಪೈಪಿನ ಸುತ್ತಿಗೆ ಮಾತ್ರ ಭಾರಾನೂ ಇಳಿಸಿದ್ದೆ, ಗಾಳೀನೂ ತುಂಬಿದ್ದೆ. ಹಳೇ ಪೈಪೇ ಹಾಕ್ತೀನಿ, ಟೈರಿಗೆ ಅದೇ ಗಾಳಿ ಇಟ್ಟು, ಮೂಟೆ ಇಲ್ದಂಗೆ ಇನ್ನೊಂದು ಸುತ್ತು ಹೋಗಿ ಬಾರಪ್ಪ."

"ಸೋತ ಮ್ಯಾಲೆ ಹಿಂಗೇ ಅನ್ನೋದು," ಎಂದ ದುರುಗೇಶ್. ಆದರೂ ಮರುದಿನ ಸಾಕ್ಷಿಗೆಂದು ಚೇತನ್ ಪಕ್ಕದಲ್ಲಿ ಅವನೇ ಕೂತು ಹೋದ. ಅವನು ತೂಕದ ಆಳು ಬೇರೆ! ಸಂಜೆ ಬಂಕಿನಿಂದ ಫೋನು ಮಾಡಿದವನೂ ಅವನೇ. "ಅಕ್ಕ, ಹಳೇ ಪೈಪಿಗೇ, ನಾನು ಕುಂತಿದ್ರೂ ಹದಿನಾರೂವರೆ ಬಂತಲ್ಲ!"

ಮೈಲೇಜ್ ಸಾಲದೆ ಕಾರನ್ನೇ ಮಾರಿಬಿಡಬೇಕೆಂದಿದ್ದ ಚೇತನ್ ಈಗ ವಾರಕ್ಕೊಮ್ಮೆ ತಪ್ಪದೆ ಗಾಳಿಗೆ ಬರುತ್ತಾನೆ. "ಟೀಚರುಗಳೂ ಖುಷಿಯಾಗವ್ರೆ. ಆ ಪೈಪಿನ ಸದ್ದಿಗೆ ಒಂದೇ ದಿನಕ್ಕೆ ತಲೆನೋವು ಅಂದಿದ್ರು," ಎನ್ನುತ್ತಾನೆ. ದಪ್ಪ ಪೈಪನ್ನು ಅವನು ಅಕ್ಕನಿಗೇ ಬಿಟ್ಟುಕೊಟ್ಟ. ಅದೀಗ ಶೆಡ್ಡಿನ ಎರಡು ಕಂಬಗಳ ನಡುವೆ ಅಡ್ಡಲಾಗಿದೆ. ತೊಳೆದ ಬಿಳಿ ಬಟ್ಟೆಯ ತುಂಡುಗಳು ಅದರ ಮೇಲೆ ಸಾಲಾಗಿ ಒಣಗುತ್ತವೆ.

ಅಂದಿನಿಂದ ದುರುಗಕ್ಕ ಯಾವುದೇ ಗಾಡಿಗೆ ಗಾಳಿ ತುಂಬುವ ಮುನ್ನ, ಟೈರಿನಲ್ಲಿ ಮೊದಲೇ ಎಷ್ಟಿದೆ ಎಂದು ಅಳೆದು, ಸೀಮೆಸುಣ್ಣದಲ್ಲಿ ಗಾಜಿನ ಮೇಲೆ ಬರೆಯುತ್ತಾರೆ. ಈಗ ಈ ಟ್ಯಾಕ್ಸಿಯ ಗಾಜಿನ ಮೇಲೂ ಬರೆಯುತ್ತಿದ್ದಾರೆ. ಶೆಡ್ಡಿನ ಬೋರ್ಡಿನ ಮೇಲೆ ಗಂಡನ ಹೆಸರಿನ ಪಕ್ಕ ತಮ್ಮದೂ ಒಂದಿರಲಿ ಎಂಬ ಸಣ್ಣ ಆಸೆ ಅವರಿಗುಂಟು. "ದೊಡ್ಡ ಅಕ್ಷರ ಬ್ಯಾಡ. ಓದಕ್ಕೆ ಬಂದ್ರೆ ಸಾಕು."

ಏರ್ ಫಿಲ್ಟರ್ ಕೊಡವುತ್ತಿದ್ದ ಡ್ರೈವರ್‌ಗೂ ಹಳೆಯ ಕಥೆ ಗೊತ್ತು. "ಅವತ್ತು ತಪ್ಪು ಮಾಡಿದ್ದು ನೀನೇ ಅಂತಲ್ಲಕ್ಕ?" ಎಂದು ಕೆಣಕುತ್ತಾನೆ.

ಅಕ್ಕ ಸುಣ್ಣದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ. "ಹ್ಞೂಂ ಕಣಪ್ಪ, ನಾನೇ. ಹಿಡಿದಿದ್ದೂ ನಾನೇ."