ಹಂಡೆಯ ನೀರು ಮತ್ತು ಮಾನಪ್ಪನ ಹೆಬ್ಬೆರಳು

ಎರಡನೆಯ ಮಹಾಯುದ್ಧ ಮುಗಿಯುತ್ತಿದ್ದ ಕಾಲ. ನಾನು ನಿಜಾಮ್ ಸರಕಾರದ ನೀರು ಪರೀಕ್ಷಕನಾಗಿ ಜಹೀರಾಬಾದ್ ಸೀಮೆಯಲ್ಲಿ ತಿರುಗುತ್ತಿದ್ದೆ. ಒಂದು ಮಳೆಗಾಲದಲ್ಲಿ ಪೊಲೀಸ್ ಅಮೀನರು ಹತ್ತಿರದ ಹಳ್ಳಿಯ ಪಟೇಲರ ಮನೆಗೆ ನನ್ನನ್ನು ಕರೆಸಿದರು. ಹಂಡೆಯ ನೀರು ಕುಡಿದು ಪಟೇಲರ ಮಗ ವಾಂತಿ ಮಾಡಿಕೊಂಡಿದ್ದ. ನಾನು ಹೋಗುವಷ್ಟರಲ್ಲಿ ಅವನು ಎದ್ದು ಎಲೆಅಡಿಕೆ ಮೆಲ್ಲುತ್ತಿದ್ದ. ಆದರೂ ಅಪರಾಧಿ ಬೇಕಿತ್ತು, ಸಿಕ್ಕಿದ್ದ.

ನಮ್ಮ ಕಡೆ ದೊಡ್ಡ ಮನೆಯವರು ಬಂಗಾರವನ್ನು ಅಕ್ಕಸಾಲಿಗನ ಕೈಗೆ ಕೊಟ್ಟು ಕಳಿಸುವುದಿಲ್ಲ. ಅವನನ್ನೇ ಕರೆಸಿ, ಕಣ್ಣೆದುರು ಕೂರಿಸಿ ಒಡವೆ ಮಾಡಿಸುತ್ತಾರೆ. ಹಾಗೆ ಪಡಸಾಲೆಯಲ್ಲಿ ಕೂತಿದ್ದವನು ಮಾನಪ್ಪ. ಅವನ ಪಕ್ಕದಲ್ಲಿ ಬಂಗಾರ ಪರೀಕ್ಷಿಸುವ ತೇಜಾಬು, ಅಂದರೆ ಆಮ್ಲ. ಸ್ವಲ್ಪ ಆಚೆ ಹಂಡೆ. ಅಮೀನರು ನೀರಿಗೆ ನೀಲಿ ಲಿಟ್ಮಸ್ ಕಾಗದ ಅದ್ದಿದ್ದರು, ಅದು ಕೆಂಪಾಗಿತ್ತು. ಅಷ್ಟೇ ಸಾಕ್ಷಿ. ಮಾನಪ್ಪನ ಎರಡು ಹೆಬ್ಬೆರಳಿಗೆ ಹಗ್ಗ ಬಿಗಿದು ದನದ ಕೊಟ್ಟಿಗೆಯ ತೊಲೆಗೆ ತೂಗುಹಾಕಿದ್ದರು. ನನ್ನಿಂದ ಅವರಿಗೆ ಬೇಕಾಗಿದ್ದದ್ದು ಸತ್ಯವಲ್ಲ, ಅದಾಲತಿಗೆ ಒಂದು ಸಹಿ.

ಮೊದಲು ಅವನನ್ನು ಇಳಿಸಿರಿ ಎಂದೆ. "ನಿಮ್ಮ ಕೆಲಸ ನೀವು ಮಾಡ್ರಿ" ಎಂದರು ಅಮೀನರು.

ಮಾನಪ್ಪನ ಪೆಟ್ಟಿಗೆಯನ್ನೇ ತರಿಸಿದೆ. ಮೂರು ಬಟ್ಟಲು ಮಳೆನೀರಿನಲ್ಲಿ ಅಡುಗೆ ಉಪ್ಪು, ಬೆಸುಗೆಯ ಬಿಳಿಗಾರ, ನವಸಾಗರಗಳನ್ನು ಬೇರೆಬೇರೆಯಾಗಿ ಕರಗಿಸಿದೆ. ಉಪ್ಪಿನ ನೀರಿನಲ್ಲಿ ಕಾಗದ ಬದಲಾಗಲಿಲ್ಲ. ಬಿಳಿಗಾರದಲ್ಲಿ ಕೆಂಪು ಕಾಗದ ನೀಲಿಯಾಯಿತು. ನವಸಾಗರದಲ್ಲಿ ನೀಲಿ ಕೆಂಪಾಯಿತು, ಹಂಡೆಯ ನೀರಿನಲ್ಲಿ ಆದ ಹಾಗೆಯೇ. ಮೂರೂ ಲವಣಗಳೇ, ತೇಜಾಬಲ್ಲ. ಲವಣವೆಂದರೆ ಒಂದು ಆಮ್ಲ, ಒಂದು ಕ್ಷಾರ ಕೂಡಿ ಹುಟ್ಟಿದ್ದು. ಎರಡೂ ಪ್ರಬಲವಾಗಿದ್ದರೆ ನೀರು ತಟಸ್ಥ. ಒಂದು ಪ್ರಬಲ, ಇನ್ನೊಂದು ದುರ್ಬಲವಾದರೆ ನೀರು ಪ್ರಬಲವಾದದ್ದರ ಗುಣ ತೋರಿಸುತ್ತದೆ.

"ಕಾಗದ ಸುಳ್ಳು ಹೇಳ್ತದೇನ್ರಿ?" ಎಂದರು ಅಮೀನರು.

"ನೀರು ಆಮ್ಲ ಅದ ಅಂತ ಹೇಳ್ತದರಿ. ಅದರಾಗ ಏನು ಬಿದ್ದದ, ಯಾರು ಹಾಕ್ಯಾರ ಅಂತ ಹೇಳಂಗಿಲ್ಲ."

ಹಂಡೆಯ ನೀರಿಗೆ ಅಮೋನಿಯಾ ಬಿಟ್ಟೆ. ಗಂಜಿಯಂಥ ಬಿಳಿ ಗಸಿ ಕೂಡಿತು. ಬರೀ ತೇಜಾಬಿನಲ್ಲಿ ಅದು ಬರುವುದಿಲ್ಲ, ಪಟಿಕದಲ್ಲಿ ಬರುತ್ತದೆ ಎಂದೆ. ಪಟಿಕವೂ ಪ್ರಬಲ ಆಮ್ಲದ, ದುರ್ಬಲ ಕ್ಷಾರದ ಲವಣವೇ; ಹೆಚ್ಚಾದರೆ ವಾಂತಿ ತರಿಸುತ್ತದೆ.

ಪಟಿಕ ಎಂಬ ಮಾತು ಕಿವಿಗೆ ಬಿದ್ದದ್ದೇ ಪಟೇಲರ ತಾಯಿ ಬಾಗಿಲಿಗೆ ಬಂದರು. "ಅದು ನಾನೇ ಹಾಕೀನಿ. ಮಳಿಗೆ ನೀರು ಕೆಂಪಗ ಬಂದಿತ್ತು, ತಿಳಿ ಆಗಲಿ ಅಂತ ಮುಷ್ಟಿ ತುಂಬ ಹಾಕೀನಿ. ನನಗ ಯಾರೂ ಕೇಳಲಿಲ್ಲ."

"ಅವ್ವಾರ, ಅವ ಒದರೋದು ಕೇಳಸಲಿಲ್ಲೇನ್ರಿ?" ಎಂದೆ.

"ಕೇಳಸ್ತಿತ್ತು. ಕಳ್ಳರು ಹಂಗೇ ಒದರ್ತಾರ."

ಮಾನಪ್ಪನನ್ನು ಇಳಿಸಿದರು. ಹೆಬ್ಬೆರಳುಗಳು ಕಪ್ಪಿಟ್ಟಿದ್ದವು. "ಬಿಟ್ಟೀವಲ್ಲ, ನಾಳಿಂದ ಕೆಲಸಕ್ಕ ಕೂಡು" ಎಂದು ಪಟೇಲರು ಒಳಗೆ ಹೋದರು. ಅವನು ತನ್ನ ಚಿಮಟ ಎತ್ತಿಕೊಳ್ಳಲು ಹೋದ. ಅದು ಜಾರಿ ಬಿತ್ತು, ಮತ್ತೆ ಎತ್ತಿದಾಗಲೂ ಬಿತ್ತು. "ಸಾಹೇಬರ, ಇವು ಮತ್ತ ಹಿಡೀತಾವೇನ್ರಿ?" ಎಂದು ನನ್ನನ್ನು ಕೇಳಿದ. ಹಿಡಿಯಲಿಲ್ಲ ಎಂದು ಆಮೇಲೆ ತಿಳಿಯಿತು.

ಅಂದಿನಿಂದ ಯಾವ ಠಾಣೆಯಿಂದ ಪರೀಕ್ಷೆಗೆ ನೀರಿನ ಸೀಸೆ ಬಂದರೂ ಮೊದಲು ಕೇಳುತ್ತಿದ್ದದ್ದು ಒಂದೇ: ಯಾರನ್ನಾದರೂ ಹಿಡಿದಿದ್ದೀರಾ? ಹೌದೆಂದರೆ ಆ ಸೀಸೆಯನ್ನೇ ಮೊದಲು ತೆರೆಯುತ್ತಿದ್ದೆ. ಪರೀಕ್ಷೆಯ ಫಲ ಸರಿ ಬಂದರೆ ಸಾಲದು, ಬೆರಳು ಸಾಯುವ ಮೊದಲು ಬರಬೇಕು.